ಕಬ್ಬಿನ ರೇಟು ಮತ್ತು ಪ್ಲೇಫೇರನ ಕಂಬಗಳು

2025ರ ನವೆಂಬರ್. ಟನ್ನಿಗೆ 3,500 ರೂಪಾಯಿ ಕೊಡ್ರಿ ಅಂತ ಗುರ್ಲಾಪುರದಲ್ಲಿ, ಮುಧೋಳದಲ್ಲಿ ಕಬ್ಬು ಬೆಳೆಗಾರರು ರಸ್ತೆಗಿಳಿದಿದ್ದ ದಿನಗಳು. ನಾನು ಊರಿಗೆ, ಬಾಡಗಂಡಿಗೆ ಹೋಗಿದ್ದೆ. ರಾತ್ರಿ ಉಂಡು ಕೂತಾಗ ಕಾಕಾ ಬಂದರು.

“ತಮ್ಮಾ, ನಾಳೆ ಮೀಟಿಂಗ್ ಐತಿ. ಸರಕಾರದ ರೇಟ ಹೆಂಗ ಏರೇತಿ ಅನ್ನೋದನ್ನ ಒಂದ ಹಾಳಿಮ್ಯಾಲ ತಗದು ಕೊಡು. ಓದಾಕ ಬರದವರಿಗೂ ತಿಳೀಬೇಕ ನೋಡು.”

ಸರಕಾರದ ರೇಟು ಅಂದರೆ ಎಫ್‌ಆರ್‌ಪಿ. 2009ರಿಂದ ಕೇಂದ್ರ ಸರಕಾರ ಪ್ರತಿ ಹಂಗಾಮಿಗೆ ಗೊತ್ತು ಮಾಡುತ್ತ ಬಂದಿರುವ ದರ. ನಾನು ಎಕ್ಸೆಲ್ ತೆಗೆದು ನಾಲ್ಕು ಹಂಗಾಮಿನ ಅಂಕಿ ಹಾಕಿದೆ. ಕ್ವಿಂಟಲ್‌ಗೆ 2022-23ಕ್ಕೆ 305, ಆಮೇಲೆ 315, 340, 355. ಸೆಲೆಕ್ಟ್ ಮಾಡಿ ಕಂಬದ ಚಾರ್ಟ್ ಒತ್ತಿದೆ, ಎರಡು ನಿಮಿಷದ ಕೆಲಸ. ಕಾಕಾ ಚಾಳೀಸು ಏರಿಸಿ ನೋಡಿ ಗಾಬರಿಯಾದರು.

“ಏ ತಮ್ಮಾ, ರೇಟ ಮೂರಪಟ್ಟ ಆತೇನೋ? ಇದನ್ನ ನೋಡಿದ್ರ ಇನ್ನೇನ ಬೇಕ್ರಪಾ ನಿಮಗ ಅಂತ ಎಬ್ಬಿಸಿ ಕಳಸ್ತಾರ!”

ಹೌದು, ಕೊನೆಯ ಕಂಬ ಮೊದಲನೆಯದಕ್ಕಿಂತ ಮೂರು ಪಟ್ಟು ಎತ್ತರವಿತ್ತು. ಅಂಕಿಗಳು ಒಂದಕ್ಕೊಂದು ಹತ್ತಿರ ಇದ್ದರೆ ಎಕ್ಸೆಲ್ ತಾನಾಗಿಯೇ ಬುಡ ಕತ್ತರಿಸುತ್ತದೆ. ಇಲ್ಲಿ ಅಳತೆ 280ರಿಂದ ಶುರುವಾಗಿತ್ತು. 305ರ ಕಂಬ 25ರಷ್ಟು ಎದ್ದಿತ್ತು, 355ರದ್ದು 75ರಷ್ಟು. ನಿಜವಾಗಿ ಏರಿದ್ದು 50 ರೂಪಾಯಿ, ನೂರಕ್ಕೆ ಹದಿನಾರು.

ಈ ಕಂಬದ ನಕ್ಷೆಯನ್ನು ರೂಢಿಗೆ ತಂದವನು ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್. ಉಗಿಯಂತ್ರದ ಜೇಮ್ಸ್ ವಾಟ್‌ನ ಹತ್ತಿರ ನಕಾಶೆ ಬರೆಯುವ ಕೆಲಸಕ್ಕಿದ್ದವನು. 1786ರಲ್ಲಿ ಇಂಗ್ಲೆಂಡಿನ ವ್ಯಾಪಾರದ ಏರಿಳಿತವನ್ನು ಗೆರೆಗಳಲ್ಲಿ ತೋರಿಸುವ ಅಟ್ಲಾಸ್ ಒಂದನ್ನು ತಂದ. ಸ್ಕಾಟ್ಲೆಂಡಿನದು ಮಾತ್ರ ಅವನಿಗೆ ಒಂದೇ ವರ್ಷದ ಲೆಕ್ಕ ಸಿಕ್ಕಿತ್ತು. ಒಂದು ವರ್ಷದಿಂದ ಗೆರೆ ಎಳೆಯೋದು ಹೆಂಗ? ಅದಕ್ಕೇ ಹದಿನೇಳು ದೇಶಗಳ ಜೊತೆಗಿನ ಆಮದು-ರಫ್ತಿಗೆ ಪಟ್ಟಿಗಳನ್ನು ಬರೆದ. ಅಂಕಿ ಸಾಲದೆ ಮಾಡಿದ ಉಪಾಯ ಇವತ್ತು ನಮ್ಮ ಶಾಲೆಯ ಸ್ತಂಭಾಲೇಖ. ಅವನ ಪಟ್ಟಿಗಳೆಲ್ಲ ಸೊನ್ನೆಯಿಂದಲೇ ಹೊರಟಿದ್ದವು. ಪಟ್ಟಿಯ ಉದ್ದವೇ ಬೆಲೆ ಅನ್ನುವ ನಂಬಿಕೆಯ ಮೇಲೆ ಆ ಚಿತ್ರ ನಿಂತಿದೆ, ಬುಡ ಕೊಯ್ದರೆ ಆ ನಂಬಿಕೆಯೇ ಹೋಯಿತು.

ಪ್ಲೇಫೇರನ ನಕ್ಷೆಗಳನ್ನು ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ಹಾಕಿ ಕೈಯಿಂದ ಬಣ್ಣ ತುಂಬುತ್ತಿದ್ದರು. ಗೆರೆ ಎಲ್ಲಿಂದ ಹೊರಡಬೇಕು ಅನ್ನೋದನ್ನ ಒಬ್ಬ ಮನುಷ್ಯ ಕೂತು ತೀರ್ಮಾನಿಸಲೇಬೇಕಿತ್ತು. 1979ರಲ್ಲಿ ವಿಸಿಕ್ಯಾಲ್ಕ್ ಬಂದಾಗಲೂ ನಕ್ಷೆಗೆ ಬೇರೆ ಪ್ರೋಗ್ರಾಂ ಬೇಕಿತ್ತು. 1983ರಲ್ಲಿ ಮಿಚ್ ಕೇಪರ್ ಕಂಪನಿಯ ಲೋಟಸ್ 1-2-3 ಲೆಕ್ಕ, ನಕ್ಷೆ, ಮಾಹಿತಿ ಮೂರನ್ನೂ ಒಂದೇ ಕಡೆ ಸೇರಿಸಿತು. ಎರಡು ವರ್ಷಕ್ಕೆ ಎಕ್ಸೆಲ್ ಬಂತು. ಬುಡ ಎಲ್ಲಿಡಬೇಕು ಅನ್ನುವ ತೀರ್ಮಾನ ಸದ್ದಿಲ್ಲದೆ ಯಂತ್ರದ ಪಾಲಾಯಿತು. ಅಕ್ಷದ ಮೇಲೆ ರೈಟ್ ಕ್ಲಿಕ್ ಮಾಡಿ, ‘ಫಾರ್ಮ್ಯಾಟ್ ಆಕ್ಸಿಸ್’ ತೆರೆದು ಮಿನಿಮಮ್‌ಗೆ 0 ಹಾಕಿದರೆ ಆಯ್ತು, ಆದರೆ ಯಾರು ಹಾಕ್ತಾರ? ನಾನೇ ಹಾಕಿರಲಿಲ್ಲ.

ಹಾಕಿದೆ. ಕಂಬಗಳು ಹೆಚ್ಚುಕಮ್ಮಿ ಒಂದೇ ಎತ್ತರಕ್ಕೆ ಬಂದವು. ಕಾಕಾಗೆ ಸಮಾಧಾನ. ನನಗೆ ಹುರುಪು ಬಂದು 2013-14ರ 210ರಿಂದ ಇಲ್ಲಿತನಕ ಹದಿಮೂರು ಹಂಗಾಮಿನ ಗೆರೆ ಎಳೆದೆ. ಬುಡ ಸೊನ್ನೆಯೇ, ಗೆರೆ ಚೆಂದ ಏರಿತ್ತು. 2018-19ರಲ್ಲಿ 255ರಿಂದ 275ಕ್ಕೆ ಒಂದು ಜಿಗಿತ.

“ಆ ವರ್ಷ ರಿಕವರಿ ಬದಲ ಮಾಡಿದ್ರಲ್ಲೋ,” ಅಂದರು ಕಾಕಾ.

ಅಲ್ಲಿಗೆ ನನ್ನ ಹುರುಪು ಇಳಿಯಿತು. ಎಫ್‌ಆರ್‌ಪಿ ಬರೀ ರೂಪಾಯಿಯಲ್ಲ, ಕಬ್ಬಿನಿಂದ ಇಷ್ಟು ಸಕ್ಕರೆ ಇಳಿದರೆ ಇಷ್ಟು ಅನ್ನುವ ದರ. 2017-18ರ 255 ರೂಪಾಯಿ ಶೇ 9.5 ರಿಕವರಿಗೆ ಇತ್ತು. ಮುಂದಿನ ವರ್ಷದ 275 ಶೇ 10ಕ್ಕೆ. 2022-23ರಲ್ಲಿ ಅದೂ ಶೇ 10.25 ಆಯಿತು. ಅಂದರೆ ನನ್ನ ಗೆರೆಯಲ್ಲಿ ಬೇರೆಬೇರೆ ಮೂರು ಸೇರು ಹಿಡಿದು ಅಳೆದ ಜೋಳ ಒಂದೇ ರಾಶಿಯಾಗಿತ್ತು.

ಪ್ಲೇಫೇರ್ ಕೂಡ ಮುದುಕನಾದಾಗ ಇಂಥಾದ್ದೇ ಒಂದು ಕಡೆ ಜಾರಿದ್ದ. 1821ರಲ್ಲಿ ಒಕ್ಕಲುತನದ ಸಂಕಟದ ಬಗ್ಗೆ ಬರೆದು, 1565ರಿಂದ ಆವತ್ತಿನತನಕ ಗೋಧಿಯ ಬೆಲೆಯನ್ನು ಕಂಬದಲ್ಲೂ, ಕುಶಲ ಕೆಲಸಗಾರನ ವಾರದ ಕೂಲಿಯನ್ನು ಗೆರೆಯಲ್ಲೂ ತೋರಿಸಿದ. ಕೂಲಿಗೆ ಹೋಲಿಸಿದರೆ ಗೋಧಿ ಇಷ್ಟು ಅಗ್ಗ ಹಿಂದೆಂದೂ ಇರಲಿಲ್ಲ ಅನ್ನೋದು ಅವನ ಮಾತು. ಕಣ್ಣಿಗೆ ಕಾಣೋದು ಮಾತ್ರ ಕುಣಿಯುವ ಗೋಧಿ, ಕೆಳಗೆ ತೆವಳುವ ಕೂಲಿ. ಎಷ್ಟು ವಾರ ದುಡಿದರೆ ಅಷ್ಟು ಗೋಧಿ ಬರ್ತದ ಅನ್ನೋದನ್ನ ಲೆಕ್ಕ ಹಾಕಿ ಒಂದೇ ಗೆರೆ ಎಳೆದಿದ್ದರೆ ಸಾಕಿತ್ತು. ಬೇಕಾದ ಅಂಕಿಯನ್ನು ಅವನು ನಕ್ಷೆಗೇ ತರಲಿಲ್ಲ.

ನಾನು ಪಕ್ಕದಲ್ಲಿ ಇನ್ನೊಂದು ಕಾಲಂ ಮಾಡಿದೆ. ಎಲ್ಲಾ ವರ್ಷವೂ ಶೇ 9.5ರ ಕಬ್ಬೇ ಅಂತ ಹಿಡಿದು ಲೆಕ್ಕ. 2018-19ರಲ್ಲಿ 0.1 ಕಡಿಮೆಯಾದಂಗೆಲ್ಲ 2.75 ರೂಪಾಯಿ ಕಳೆಯುತ್ತಿದ್ದರು. 275ರಲ್ಲಿ ಐದು ಸಲ ಕಳೆದರೆ 261.25. ಆ ವರ್ಷದ 20 ರೂಪಾಯಿ ಏರಿಕೆ ನಿಂತದ್ದು ಆರೂ ಕಾಲಿಗೆ. 2022-23ರ 15 ರೂಪಾಯಿಯೂ ಹಾಗೇ, 275.50ರಿಂದ 282.12, ಅಂದರೆ ಆರೂವರೆ ಚಿಲ್ಲರೆ. 2025-26ರ 355, ಹಳೇ ಅಳತೆಯಲ್ಲಿ 329.05. ಎರಡು ಗೆರೆಗಳನ್ನು ಒಂದೇ ನಕ್ಷೆಯಲ್ಲಿ ಇಟ್ಟೆ. 2017-18ರತನಕ ಒಂದರ ಮೇಲೊಂದು ಕೂತು, ಅಲ್ಲಿಂದ ಕವಲೊಡೆದವು. ಬೇಡಾದ ಅಡ್ಡಗೆರೆ, ಮೂಲೆಯ ಬಣ್ಣದ ಡಬ್ಬಿ ಅಳಿಸಿ ಗೆರೆಯ ತುದಿಗೇ ಹೆಸರು ಬರೆದೆ: ‘ಸರಕಾರ ಹೇಳಿದ್ದು’, ‘ಅದೇ ಕಬ್ಬಿಗೆ ಸಿಕ್ಕಿದ್ದು’.

ಕಾಕಾ ಬಹಳ ಹೊತ್ತು ನೋಡಿದರು.

“ಸಿಕ್ಕಿದ್ದು ಅಂತ ಬರಿಬ್ಯಾಡ. ಇದು ಫ್ಯಾಕ್ಟರಿ ಗೇಟಿನ ರೇಟ. ಕಟಾವು, ಸಾಗಣೆ ಹಿಡಕೊಂಡ ಮ್ಯಾಲ ಕೈಗೆ ಬರೋದ ಬ್ಯಾರೆ ಐತಿ.”

ಎದ್ದು ಮನೆಗೆ ಹೋಗಿ, ರಬ್ಬರ್ ಬ್ಯಾಂಡ್ ಹಾಕಿದ ಹಳೇ ಬಿಲ್ಲುಗಳ ಕಟ್ಟು ತಂದು ಲ್ಯಾಪ್‌ಟಾಪ್ ಪಕ್ಕ ಇಟ್ಟರು. ನಾನು ಮೂರನೇ ಕಾಲಂ ತೆಗೆದೆ.