ಬೂತಾಯಿಯ ಲೆಕ್ಕ, ತಳನೀರಿನ ಲೆಕ್ಕ

ಬೂತಾಯಿ ಸಿಕ್ಕರೆ ಉಪಗ್ರಹದ ಪುಣ್ಯ, ಸಿಗದಿದ್ದರೆ ಹವಾಮಾನ ಬದಲಾವಣೆಯ ಕಾಟ ಎಂಬ ಮಾತು ಈಚೆಗೆ ಸಭೆಗಳಲ್ಲಿ ಸಲೀಸಾಗಿ ಓಡಾಡುತ್ತಿದೆ. ಪಶ್ಚಿಮ ಕರಾವಳಿಯಲ್ಲಿ ಕಡಲನ್ನೂ ಮೀನನ್ನೂ ಜೊತೆಯಾಗಿ ನೋಡಿದ ಹಳೆಯ ಕೆಲಸವನ್ನು ಮರೆತವರಷ್ಟೇ ಹಾಗೆ ಹೇಳಬಲ್ಲರು.

ಮದರಾಸು ಮೀನುಗಾರಿಕಾ ಇಲಾಖೆಯ ಜೇಮ್ಸ್ ಹಾರ್ನೆಲ್ 1920ರ ದಶಕದಲ್ಲೇ ಬೂತಾಯಿಯ ಜೀವನಕ್ರಮ ದಾಖಲಿಸಿದರು. 1947ರಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಬಂತು. ಅಲ್ಲಿನ ನಾಯರ್ ಮತ್ತು ಸುಬ್ರಹ್ಮಣ್ಯನ್ 1955ರಲ್ಲಿ ಫ್ರಜಿಲೇರಿಯಾ ಓಷಿಯಾನಿಕಾ ಎಂಬ ಡಯಾಟಮ್ (ಸೂಕ್ಷ್ಮ ಪಾಚಿ) ಹೆಚ್ಚಿದಾಗ ಬೂತಾಯಿಯೂ ಹೆಚ್ಚುತ್ತದೆ ಎಂದರು. 1959ರಲ್ಲಿ ಕಾರ್ಲ್ ಬಾನ್ಸೆ ಇನ್ನೊಂದು ನಂಟು ತೋರಿದರು: ಮಳೆಗಾಲದಲ್ಲಿ ಆಮ್ಲಜನಕ ಕಡಿಮೆಯಿರುವ ತಣ್ಣನೆಯ ತಳನೀರು ದಡದತ್ತ ಏರುತ್ತದೆ, ಆಗ ತಳದ ಮೀನು ಜಾಗ ಬಿಡುತ್ತದೆ, ಟ್ರಾಲ್ ಬಲೆ ಬರಿದಾಗುತ್ತದೆ. ನನ್ನ ಮಟ್ಟಿಗೆ ಈ ಕ್ಷೇತ್ರದ ಅತಿ ಮುಖ್ಯ ಪ್ರಬಂಧ ಇದೇ. ಅದೇ ತಳನೀರು ಪೋಷಕಾಂಶವನ್ನೂ ಮೇಲಕ್ಕೆ ತರುತ್ತದೆ. ಊಟವೂ ಉಸಿರುಗಟ್ಟುವಿಕೆಯೂ ಒಂದೇ ನೀರಿನಿಂದ.

ನಮ್ಮ ತಲೆಮಾರು ಬೆಳೆದದ್ದು ದಕ್ಕೆಯ ಮೇಲೆ. ಮಲ್ಪೆಯಲ್ಲಿ ಬುಟ್ಟಿಯಿಂದ ಬೂತಾಯಿ ಎತ್ತಿ, ಅಳತೆಪಟ್ಟಿಯ ಮೇಲಿಟ್ಟು, ಹೊಟ್ಟೆ ಸೀಳುತ್ತಿದ್ದೆವು. ಕರುಳಿನಲ್ಲಿ ಹಸಿರುಗಂದು ಲೇಪ, ಅದರ ಪಕ್ಕದಲ್ಲಿ ಹಳದಿ ಮೊಟ್ಟೆಚೀಲ. ಮೊಟ್ಟೆ ಎಷ್ಟು ಬಲಿತಿದೆ ಎಂದು ಬರೆದುಕೊಂಡ ಆ ಪುಸ್ತಕಗಳೇ ಮುಂದೆ ಮಳೆ, ಕಡಲಮಟ್ಟ, ಮರಿಗಳ ಸಂಖ್ಯೆ ಇವುಗಳ ಸಂಬಂಧ ಹುಡುಕಲು ಆಧಾರವಾದವು. ಮೀನುಗಾರಿಕಾ ವಿಜ್ಞಾನಿ ಆಂಟನಿ ರಾಜ ಮಳೆಯನ್ನು ಹಿಡಿದು ಹೊರಟರು; 1990ರಲ್ಲಿ ಲಾಂಗ್‌ಹರ್ಸ್ಟ್ ಮತ್ತು ವೂಸ್ಟರ್ ಕೊಚ್ಚಿಯ ಕಡಲಮಟ್ಟವನ್ನು. ಯಾವುದೂ ಪೂರ್ತಿ ಉತ್ತರವಲ್ಲ, ಆದರೆ ಪ್ರಶ್ನೆ ಸರಿಯಾಗಿತ್ತು: ಮುಂದಿನ ವರ್ಷಕ್ಕೆ ಎಷ್ಟು ಮರಿ ಉಳಿಯುತ್ತದೆ?

ಆಮೇಲೆ ಉಪಗ್ರಹ ಬಂತು. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯಿಸ್ ಕೊಡುವ ಮೀನು ಸಿಗುವ ಜಾಗದ ಸೂಚನೆ ಡೀಸೆಲ್ ಉಳಿಸುತ್ತದೆ, ಸಂತೋಷ. ಆದರೆ ಮೀನು ಎಲ್ಲಿದೆ ಎಂದು ಹೇಳುವುದು ಹಿಡಿಯುವವರಿಗೆ ನೆರವು. ಎಷ್ಟು ಬಿಡಬೇಕು ಎಂಬ ಲೆಕ್ಕ ಬೇರೆ. ಅಲ್ಲದೆ ಕಡಲಿನ ಬಣ್ಣ ಮತ್ತು ಶಾಖ ನೋಡುವ ಕಣ್ಣಿಗೆ ಮೇಲ್ಪದರವಷ್ಟೇ ಕಾಣುತ್ತದೆ, ಅದೂ ಮೋಡವಿಲ್ಲದಾಗ. ತಳನೀರು ಏರುವ ಜೂನ್-ಜುಲೈನಲ್ಲೇ ಮೋಡ ಮುಚ್ಚಿರುತ್ತದೆ.

ಕೇರಳದಲ್ಲಿ 2012ರಲ್ಲಿ 3.9 ಲಕ್ಷ ಟನ್ ಇದ್ದ ಬೂತಾಯಿ 2021ರಲ್ಲಿ 3,297 ಟನ್ನಿಗೆ ಇಳಿಯಿತು. ನಡುವೆ ಕಡಲೂ ಬದಲಾಯಿತು, ಮರಿಮೀನು ಹಿಡಿಯುವುದೂ ನಡೆಯಿತು. ಯಾವುದರ ಪಾಲು ಎಷ್ಟೆಂದು ಬಿಡಿಸಲು ಎರಡು ದಾಖಲೆ ಒಂದೇ ಕಡೆ ಇರಬೇಕು: ದಕ್ಕೆಯ ಮೊಟ್ಟೆಚೀಲದ ಲೆಕ್ಕ, ಹತ್ತಿರದ ಕಡಲಿನ ತಳದ ಆಮ್ಲಜನಕದ ಲೆಕ್ಕ. ಆಮ್ಲಜನಕವಿಲ್ಲದ ನೀರು ಮೀನನ್ನು ದಡದ ಕಡೆ ಒತ್ತಿದಾಗ ಅಲ್ಲಿನ ಬಲೆ ತುಂಬುತ್ತದೆ. ಅದನ್ನು ಸಮೃದ್ಧಿ ಎಂದು ಓದಿದರೆ ಉಳಿದ ತಾಯಿಮೀನೂ ಹೋಗುತ್ತದೆ. ಪಶ್ಚಿಮ ಕರಾವಳಿಯ 61 ದಿನಗಳ ಮೀನುಗಾರಿಕೆ ನಿಷೇಧ ಇಂದಿಗೂ ಜೂನ್ 1ಕ್ಕೆ ಶುರುವಾಗಿ ಜುಲೈ 31ಕ್ಕೆ ಮುಗಿಯುತ್ತದೆ, ಆ ವರ್ಷ ತಳನೀರು ಬೇಗ ಬಂದಿರಲಿ, ತಡವಾಗಿರಲಿ. ಆ ತಾರೀಖುಗಳ ಆಚೆಗೂ ಮೊಟ್ಟೆ ತುಂಬಿದ ಮೀನು ದಕ್ಕೆಗೆ ಬರುತ್ತಿದ್ದರೆ, ಬಲೆ ಹಾಕದಂತೆ ತಡೆಯುವ ಅಧಿಕಾರ ಯಾರಿಗಾದರೂ ಇರಬೇಕು.