ಕುಂಚ ಮತ್ತು ಬಾಚಣಿಗೆ: ಮುಂಬಯಿ ಚಿತ್ರೋದ್ಯಮದ ಪ್ರಸಾಧನ ಶ್ರಮ

ಬೇಲೂರಿನ ಮದನಿಕೆಗಳ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ರೂವಾರಿಗಳ ಹೆಸರುಗಳಿರುವುದು ಶಾಸನಾಭ್ಯಾಸಿಗಳಿಗೆ ಹೊಸ ವಿಷಯವಲ್ಲ. ಆ ಶಿಲೆಯನ್ನು ಕಿತ್ತು ಸಾಗಿಸಿದವರ ಹೆಸರುಗಳು ಅಲ್ಲಿ ಕಾಣಸಿಗುವುದಿಲ್ಲ. ದುಡಿಯುವವರಲ್ಲಿಯೇ ಮೇಲುಕೀಳುಗಳುಂಟೆಂಬ ಈ ಪರಿಚಿತ ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡು ಮುಂಬಯಿಯ ಚಿತ್ರೋದ್ಯಮದ ಒಂದು ಪ್ರಕರಣವನ್ನು ಇಲ್ಲಿ ಪರಿಶೀಲಿಸಬಹುದು.

ತಾರೆ ಮತ್ತು ಕಾರ್ಮಿಕರ ನಡುವಣ ಅಂತರವನ್ನು ಕುರಿತು ಚರ್ಚೆ ಸಾಕಷ್ಟು ನಡೆದಿದೆ. 1981ರಲ್ಲಿ ಸಂಸತ್ತು ಸಿನೆಮಾ ಕಾರ್ಮಿಕರಿಗಾಗಿ ಪ್ರತ್ಯೇಕ ಕಾನೂನನ್ನೇ ರಚಿಸಿತು. ಆದರೆ ಕಾರ್ಮಿಕ ಸಂಘದ ಒಳಗೇ ಎಳೆದ ಗೆರೆಯ ಕಡೆಗೆ ವಿದ್ವಾಂಸರ ಗಮನ ಹರಿದದ್ದು ಕಡಿಮೆಯೆಂದೇ ನನ್ನ ಭಾವನೆ.

ವೇಷಭೂಷಣ, ಪ್ರಸಾಧನ ಹಾಗೂ ಕೇಶವಿನ್ಯಾಸದವರಿಗಾಗಿ ಮುಂಬಯಿಯಲ್ಲಿದ್ದ ಸಂಘವು ಸುಮಾರು ಆರು ದಶಕಗಳ ಕಾಲ ಸ್ತ್ರೀಯರಿಗೆ ಮೇಕಪ್ ಕಲಾವಿದರ ಸದಸ್ಯತ್ವವನ್ನು ನಿರಾಕರಿಸಿತು. ಅವರು ಕೇಶವಿನ್ಯಾಸಕರಾಗಬಹುದಿತ್ತು, ಅಷ್ಟೆ. ಎಂದರೆ ಕುಂಚ ಗಂಡಸಿಗೆ, ಬಾಚಣಿಗೆ ಹೆಂಗಸಿಗೆ. ಕ್ಯಾಮರಾ ಹತ್ತಿರದಿಂದ ತೋರಿಸುವ ತಾರೆಯ ಮುಖದ ಮೇಲಣ ಅಧಿಕಾರ ಹೀಗೆ ಒಂದು ಲಿಂಗದವರ ಸೊತ್ತಾಯಿತು. ಸ್ತ್ರೀಯರು ಬಂದರೆ ಪುರುಷರ ಜೀವನೋಪಾಯ ಕುಗ್ಗುವುದೆಂಬುದು ಇದಕ್ಕೆ ಕೊಡಲಾದ ಸಮರ್ಥನೆ. ಈ ಭಯವನ್ನು ಸುಳ್ಳೆಂದು ತಳ್ಳಿಹಾಕುವುದು ಸುಲಭವಲ್ಲ. ಖಾಯಂ ನೌಕರಿಯೆಂಬುದೇ ಇಲ್ಲದ, ಚಿತ್ರ ಮುಗಿದೊಡನೆ ಕೆಲಸವೂ ಮುಗಿಯುವ ಉದ್ಯಮದಲ್ಲಿ ಸಂಘದ ಕಾರ್ಡೇ ದುಡಿಯುವವನ ಏಕೈಕ ಆಸರೆ. ಆದರೆ ಆ ಕಾರ್ಡನ್ನು ಕೊಡುವ ಕೈಗೆ ತಡೆಯುವ ಶಕ್ತಿಯೂ ಬಂದಿತು. ತರಬೇತಿ ಪಡೆದ ಸ್ತ್ರೀಯರು ಕದ್ದುಮುಚ್ಚಿ ಮುಖಕ್ಕೆ ಬಣ್ಣ ಹಚ್ಚಬೇಕಾಯಿತು, ಸಿಕ್ಕಿಬಿದ್ದರೆ ದಂಡ.

ಇದೇ ಸಂಘದ ಇನ್ನೊಂದು ನಿಯಮ ಹೊರನಾಡಿನಲ್ಲಿರುವ ನಮ್ಮಂಥವರಿಗೆ ವಿಶೇಷವಾಗಿ ತಟ್ಟುವಂಥದು: ಸದಸ್ಯರಾಗಬಯಸುವವರು ಮಹಾರಾಷ್ಟ್ರದಲ್ಲಿ ಐದು ವರ್ಷ ನೆಲೆಸಿರಬೇಕು. ದೇಶದ ನಾನಾ ಭಾಗಗಳಿಂದ ಬಂದವರ ದುಡಿಮೆಯಿಂದಲೇ ಬೆಳೆದ ನಗರದಲ್ಲಿ ಇಂಥದೊಂದು ನಿಯಮವಿತ್ತೆಂಬುದು ವಿಚಿತ್ರವೇ ಸರಿ.

ಚಾರು ಖುರಾನಾ ಮತ್ತಿತರರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದ ದೀಪಕ್ ಮಿಶ್ರಾ ಹಾಗೂ ಉದಯ್ ಉಮೇಶ್ ಲಲಿತ್ ಅವರ ಪೀಠವು 2014ರ ನವೆಂಬರ್ 10ರಂದು ಈ ಎರಡೂ ನಿಯಮಗಳನ್ನು ರದ್ದುಪಡಿಸಿತು. ಸಂವಿಧಾನದ ಸಮಾನತೆಯ ಹಾಗೂ ವೃತ್ತಿಸ್ವಾತಂತ್ರ್ಯದ ವಿಧಿಗಳಷ್ಟೇ ಅಲ್ಲದೆ 1926ರ ಕಾರ್ಮಿಕ ಸಂಘಗಳ ಅಧಿನಿಯಮವೂ ತೀರ್ಪಿಗೆ ಆಧಾರವಾಯಿತೆಂಬುದು ಇತಿಹಾಸಕಾರರಿಗೆ ಮುಖ್ಯ. ಹದಿನೈದು ವರ್ಷ ತುಂಬಿದ ಯಾರೇ ಆಗಲಿ ನೋಂದಾಯಿತ ಸಂಘದ ಸದಸ್ಯರಾಗಬಹುದೆನ್ನುತ್ತಿದ್ದ ಆ ಅಧಿನಿಯಮವು ಸ್ತ್ರೀಪುರುಷ ಭೇದವನ್ನು ಎಣಿಸುತ್ತಿರಲಿಲ್ಲ. ಅದೇ ಕಾನೂನಿನಡಿ ನೋಂದಣಿಯಾದ ಸಂಘದ ಉಪನಿಯಮಗಳು ಭೇದವನ್ನು ಎಣಿಸಿದ್ದವು. ಸರ್ಕಾರಿ ನೋಂದಣಾಧಿಕಾರಿಯ ಕಡತದಲ್ಲಿ ಅವು ವರ್ಷಗಟ್ಟಲೆ ಇದ್ದವು.