ಯಾರ್ಕ್ ಸೌತ್ ಕ್ಷೇತ್ರದ ಉಪಚುನಾವಣೆ

ಕೆನಡಾ ದೇಶದ ಟೊರಾಂಟೊ ನಗರಕ್ಕೆ ತಾಗಿಕೊಂಡು ಯಾರ್ಕ್ ಎಂಬ ಟೌನ್‌ಷಿಪ್ ಇದ್ದಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿ ಹೊಲ ತೋಟಗಳೇ ಹೆಚ್ಚು. ನಗರದೊಳಗಿನ ನಿವೇಶನದ ಬೆಲೆಯನ್ನು ತೆರಲಾರದ ಕೆಲಸಗಾರರು, ಅವರಲ್ಲಿಯೂ ಬ್ರಿಟನ್ನಿನಿಂದ ವಲಸೆ ಬಂದವರು, ಎಲ್ಲೆಯ ಹೊರಗೆ ಅಗ್ಗದ ನೆಲವನ್ನು ಕೊಂಡು, ಹಗಲು ಕಾರ್ಖಾನೆಯಲ್ಲಿ ದುಡಿದು, ಸಂಜೆಯ ಬೆಳಕಿನಲ್ಲಿ ತಾವೇ ಹಲಗೆ ಜೋಡಿಸಿ ಮನೆ ಕಟ್ಟಿಕೊಂಡರು. ಮೊದಲು ಒಂದು ಕೋಣೆ. ಕೈಯಲ್ಲಿ ಕಾಸು ಕೂಡಿದಾಗ ಇನ್ನೊಂದು. ನೀರು, ಚರಂಡಿ, ರಸ್ತೆಗಳು ಮನೆಗಳ ಹಿಂದೆ ಸಾವಕಾಶವಾಗಿ ಬಂದವು. 1913ರಲ್ಲಿ ಸೇಂಟ್ ಕ್ಲೇರ್ ಬೀದಿಯಲ್ಲಿ ಟ್ರಾಮು ಓಡತೊಡಗಿದ ಮೇಲೆ ಜನವಸತಿಯು ಇನ್ನೂ ದಟ್ಟವಾಯಿತು. ಹೀಗೆ ಬೆವರಿನಿಂದ ಎಬ್ಬಿಸಿದ ಮನೆಗಳಲ್ಲಿ 1930ರ ನಂತರದ ಆರ್ಥಿಕ ಮುಗ್ಗಟ್ಟು ಹೊಕ್ಕಾಗ ಆದ ಸಂಕಟವನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ಈ ಜನರ ಮುಂದೆ 1942ರಲ್ಲಿ ಮತವನ್ನು ಯಾಚಿಸಿ ನಿಂತವರು ಸಾಮಾನ್ಯರಲ್ಲ. ಆರ್ಥರ್ ಮೀಯನ್ ಅವರು ಎರಡು ಬಾರಿ ಕೆನಡಾದ ಪ್ರಧಾನಮಂತ್ರಿಗಳಾಗಿದ್ದವರು. ವಾದದಲ್ಲಿ ಅವರ ಸರಿಸಮಾನರು ಆ ಪಾರ್ಲಿಮೆಂಟಿನಲ್ಲಿ ವಿರಳ. 1917ರ ಕಡ್ಡಾಯ ಸೈನ್ಯಭರ್ತಿಯ ಶಾಸನವನ್ನು ರಚಿಸಿದವರೂ ಅವರೇ. 1941ರ ನವೆಂಬರಿನಲ್ಲಿ ಕನ್ಸರ್ವೇಟಿವ್ ಪಕ್ಷವು ಅವರನ್ನು ಮತ್ತೆ ನಾಯಕತ್ವಕ್ಕೆ ಕರೆಯಿತು. ಕಾಮನ್ಸ್ ಸಭೆಯನ್ನು ಪ್ರವೇಶಿಸುವುದಕ್ಕಾಗಿ ಅವರು ಸೆನೆಟ್ ಸದಸ್ಯತ್ವವನ್ನು ತೊರೆದರು. ಪಕ್ಷದ ಭದ್ರವಾದ ನೆಲೆಯೆಂದು ಹೆಸರಾಗಿದ್ದ ಯಾರ್ಕ್ ಸೌತನ್ನು ಅಲ್ಲಿನ ಸದಸ್ಯ ಅಲನ್ ಕಾಕರಂ ಅವರು ತೆರವು ಮಾಡಿಕೊಟ್ಟರು. ಲಿಬರಲ್ ಪಕ್ಷವಾದರೂ ವಿರೋಧಿ ನಾಯಕನಿಗೆ ದಾರಿ ಬಿಡುವ ಹಳೆಯ ಮರ್ಯಾದೆಯನ್ನನುಸರಿಸಿ ಅಭ್ಯರ್ಥಿಯನ್ನು ನಿಲ್ಲಿಸಲಿಲ್ಲ. ಮೀಯನ್ನರನ್ನು ಎದುರಿಸಿದವರು ಅಲ್ಲಿಯ ಪ್ರೌಢಶಾಲೆಯೊಂದರ ಇಂಗ್ಲಿಷ್ ಉಪಾಧ್ಯಾಯರಾದ ಜೋಸೆಫ್ ನೋಸ್‌ವರ್ದಿ. ನ್ಯೂಫೌಂಡ್‌ಲೆಂಡಿನಲ್ಲಿ ಹುಟ್ಟಿದವರು, ಸಿ.ಸಿ.ಎಫ್. ಎಂಬ ಸಮಾಜವಾದಿ ಪಕ್ಷದವರು. ಫಲಿತಾಂಶವು ಆಗಲೇ ತೀರ್ಮಾನವಾದಂತೆಯೇ ಎಂದು ಬಹು ಮಂದಿ ಭಾವಿಸಿದರು.

ಮೀಯನ್ನರ ಮಾತು ಒಂದೇ: ಯುದ್ಧ. ಹಾಂಗ್‌ಕಾಂಗಿನಲ್ಲಿ ಕೆನಡಾದ ಸುಮಾರು ಎರಡು ಸಾವಿರ ಯೋಧರು ಮಡಿದರು ಇಲ್ಲವೆ ಸೆರೆಯಾದರು. 1941ರ ಡಿಸೆಂಬರ್ 25ರಂದು ಆ ನಗರ ಶತ್ರುವಶವಾಯಿತು. ದೂರದೇಶದ ರಣಕ್ಕೂ ಕಡ್ಡಾಯವಾಗಿ ಜನರನ್ನು ಕಳುಹಬೇಕು, ಎಲ್ಲ ಪಕ್ಷಗಳೂ ಕೂಡಿದ ರಾಷ್ಟ್ರೀಯ ಸರ್ಕಾರ ಏರ್ಪಡಬೇಕು ಎಂಬುದು ಅವರ ಹಟ. ಬ್ರಿಟನ್ನಿನಲ್ಲಿ ಬಂಧುಬಳಗವಿದ್ದ ಮತದಾರರಿಗೆ ಈ ಮಾತು ನಾಟಬೇಕಾಗಿತ್ತು. ಆದರೆ ಪ್ರಧಾನಿ ಮೆಕೆಂಜಿ ಕಿಂಗ್ ಅವರು ಜನವರಿ 22ರಂದು ಒಂದು ಉಪಾಯವನ್ನು ಹೂಡಿದರು. ಹಿಂದೆ ಕೊಟ್ಟ ವಚನದಿಂದ ಸರ್ಕಾರವನ್ನು ಬಿಡಿಸಬೇಕೆ ಎಂದು ಜನರನ್ನೇ ಕೇಳುವುದಾಗಿ ಸಾರಿದರು. ಮೀಯನ್ನರ ಬತ್ತಳಿಕೆಯ ಮುಖ್ಯ ಬಾಣವೇ ಮೊಂಡಾಯಿತು. ಕಿಂಗರ ಜಾಣತನಕ್ಕೆ ತಲೆದೂಗಬಹುದು. ಧೈರ್ಯವೆಂದು ಅದನ್ನು ಕರೆಯಲಾಗದು.

ಇತ್ತ ನೋಸ್‌ವರ್ದಿಯವರ ಕಡೆಯವರು ಮನೆಮನೆಯ ಬಾಗಿಲನ್ನೂ ತಟ್ಟಿದರು. ಯುದ್ಧಕ್ಕೆ ಅವರು ವಿರೋಧಿಗಳಲ್ಲ. ಮನುಷ್ಯನ ಪ್ರಾಣವನ್ನು ಸರ್ಕಾರ ಕಡ್ಡಾಯವಾಗಿ ಕೇಳಬಹುದಾದರೆ, ಧನಿಕನ ಸಂಪತ್ತನ್ನೂ ಹಾಗೆಯೇ ಏಕೆ ಕೇಳಬಾರದು ಎಂಬುದು ಅವರ ಪ್ರಶ್ನೆ. ಯುದ್ಧ ಮುಗಿದ ಮೇಲೆ ಮರಳಿ ಬಂದ ಯೋಧನಿಗೆ ಕೆಲಸವೆಲ್ಲಿ, ಮನೆಯೆಲ್ಲಿ, ಮುಪ್ಪಿನಲ್ಲಿ ಆಸರೆಯೇನು? 1919ರ ವಿನ್ನಿಪೆಗ್ ಮುಷ್ಕರವನ್ನು ಹತ್ತಿಕ್ಕಿದ ಸರ್ಕಾರದಲ್ಲಿ ಮೀಯನ್ನರ ಪಾತ್ರವೇನಿದ್ದಿತೆಂಬುದನ್ನೂ ಕೆಲಸಗಾರರಿಗೆ ಜ್ಞಾಪಿಸಿದರು. ಮೀಯನ್ನರು ಇಂತಹ ಪ್ರಶ್ನೆಗಳಿಗೆ ಇಳಿದು ಉತ್ತರ ಕೊಡುವವರಲ್ಲ. ತರ್ಕವು ನಿರ್ದುಷ್ಟವಾಗಿದ್ದರೆ ಜನರು ಒಪ್ಪಲೇಬೇಕೆಂಬುದು ಅವರ ನಂಬಿಕೆ. ಆಯುಷ್ಯವೆಲ್ಲ ಅವರನ್ನು ಕಾಡಿದ ದೋಷವೂ ಅದೇ.

ಲಿಬರಲರ ತಾಟಸ್ಥ್ಯವಂತೂ ತೋರಿಕೆಯದು. ಅವರಲ್ಲಿ ಆರ್ಥರ್ ರೋಬಕ್ ಎಂಬವರು ಬಹಿರಂಗವಾಗಿಯೇ ನೋಸ್‌ವರ್ದಿಯವರ ಪರವಾಗಿ ಮಾತನಾಡಿದರು. ಹಣದ ನೆರವು ಗುಟ್ಟಾಗಿ ಹರಿಯಿತು. ಇದಕ್ಕೆ ತದ್ವಿರುದ್ಧವಾಗಿ, ಕಿಂಗರ ಮೇಲೆ ಹಗೆ ಸಾಧಿಸುತ್ತಿದ್ದ ಒಂಟೇರಿಯೊ ಪ್ರಾಂತದ ಲಿಬರಲ್ ಮುಖ್ಯಸ್ಥ ಹೆಪ್‌ಬರ್ನ್ ಅವರು ಮೀಯನ್ನರ ಬೆಂಬಲಕ್ಕೆ ನಿಂತರು!

ಫೆಬ್ರವರಿ 9ರಂದು ಮತದಾನ ನಡೆಯಿತು. ನೋಸ್‌ವರ್ದಿಯವರಿಗೆ 16,408, ಮೀಯನ್ನರಿಗೆ 11,952. ಅದೇ ದಿನ ಕ್ವಿಬೆಕ್ ಈಸ್ಟ್ ಕ್ಷೇತ್ರದಿಂದ ಗೆದ್ದು ಬಂದ ಸೇಂಟ್ ಲೊರಾಂ ಎಂಬ ವಕೀಲರು 1948ರಲ್ಲಿ ಪ್ರಧಾನಿಗಳಾದರು. ಮೀಯನ್ನರು ಮತ್ತೆ ಕಾಮನ್ಸ್ ಸಭೆಯ ಹೊಸ್ತಿಲನ್ನು ತುಳಿಯಲಿಲ್ಲ.

ಸೋತ ಪಕ್ಷವೇ ಮೊದಲು ಎಚ್ಚೆತ್ತಿತು. ಅದರ ಕಿರಿಯರು ಸೆಪ್ಟೆಂಬರಿನಲ್ಲಿ ಪೋರ್ಟ್ ಹೋಪ್ ಎಂಬ ಊರಿನಲ್ಲಿ ಸೇರಿ ಉದ್ಯೋಗ, ವಸತಿ, ಸಾಮಾಜಿಕ ಭದ್ರತೆಗಳ ವಿಚಾರವನ್ನು ಕೈಗೆತ್ತಿಕೊಂಡರು. ಡಿಸೆಂಬರಿನಲ್ಲಿ ಪಕ್ಷವು ಜಾನ್ ಬ್ರಾಕನ್ ಅವರನ್ನು ನಾಯಕರನ್ನಾಗಿ ಆರಿಸಿ, ತನ್ನ ಹೆಸರಿಗೆ ‘ಪ್ರೋಗ್ರೆಸಿವ್’ ಎಂಬ ವಿಶೇಷಣವನ್ನು ಸೇರಿಸಿಕೊಂಡಿತು. 1943ರಲ್ಲಿ ಒಂಟೇರಿಯೊದ ಪ್ರಾಂತೀಯ ಚುನಾವಣೆಯಲ್ಲಿ ಸಿ.ಸಿ.ಎಫ್. 34 ಸ್ಥಾನಗಳನ್ನು ಗೆದ್ದುದನ್ನು ಕಂಡ ಕಿಂಗರೂ ಸುಮ್ಮನಿರಲಿಲ್ಲ. ಅವರ ಸರ್ಕಾರ 1944ರಲ್ಲಿ ಶಾಸನ ಮಾಡಿ, 1945ರ ಜುಲೈಯಿಂದ ಮಕ್ಕಳಿರುವ ಕುಟುಂಬಗಳಿಗೆ ತಿಂಗಳ ಭತ್ಯವನ್ನು ಕೊಡತೊಡಗಿತು. ಮೀಯನ್ನರು ಬೇಡಿದ್ದ ಕಡ್ಡಾಯದ ಯೋಧರನ್ನು ಹೊರದೇಶಕ್ಕೆ ಕಳುಹುವ ಆಜ್ಞೆಯೂ 1944ರ ನವೆಂಬರಿನಲ್ಲಿ ಇದೇ ಕಿಂಗರ ಕೈಯಿಂದಲೇ ಹೊರಟಿತು. ಯಾರ್ಕ್ ಸೌತಿನಲ್ಲಿ ಇಬ್ಬರು ಕೇಳಿದ್ದನ್ನೂ, ಕಣದಲ್ಲಿಯೇ ಇಲ್ಲದ ಮೂರನೆಯವರು ತಮ್ಮದಾಗಿ ಮಾಡಿಕೊಂಡರು.

ನೋಸ್‌ವರ್ದಿಯವರು 1945ರಲ್ಲಿ ಅದೇ ಕಾಕರಂ ಅವರಿಗೆ ಸೋತರು. 1949ರಲ್ಲಿ ಮರಳಿ ಗೆದ್ದು, 1956ರಲ್ಲಿ ತೀರಿಕೊಳ್ಳುವವರೆಗೆ ಆ ಕ್ಷೇತ್ರದ ಪ್ರತಿನಿಧಿಯಾಗಿದ್ದರು.